ಬಿಷಪ್ಪನ ಒಂದು ತುತ್ತು

ಗಂಡ ಸತ್ತು ಒಂದು ಚಳಿಗಾಲವೇ ಕಳೆದರೂ ಆರ್ಲಿಸ್ ಟ್ವೈಟ್ ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಮಿನ್ನೆಸೋಟದ ಆ ಪುಟ್ಟ ಊರಿಗೆಲ್ಲ ಗುಸುಗುಸು. ಊರಿಗೇನು ಗೊತ್ತು ಮಣ್ಣು! ಕಲ್ಲುಮನಸ್ಸೇನಲ್ಲ, ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ, ಅಷ್ಟೇ. ಚರ್ಚಿನ ಹೆಂಗಸರು ತಂದುಕೊಟ್ಟ ಆಲೂಗಡ್ಡೆ ಪಲ್ಯಗಳು ಫ್ರಿಜ್ಜಿನಲ್ಲಿ ಬೂಷ್ಟು ಹಿಡಿದವು. ಬಾಯಿಗಿಟ್ಟಿದ್ದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದರೂ ಮಂಗಳವಾರ ತಪ್ಪದೆ, ಕಾಡುಪ್ರಾಣಿಗಳನ್ನು ಸಾಕಿ ತೋರಿಸುವ ಪ್ರಕೃತಿ ಕೇಂದ್ರಕ್ಕೆ ಹೋಗುತ್ತಿದ್ದಳು. ಅಲ್ಲಿದ್ದವನು ಬಿಷಪ್, ಒಂಟಿಕಣ್ಣಿನ ನೆಲಗಪ್ಪೆ. ಗಂಡ ವರ್ಲಿನ್‌ನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕಣ್ಣು ಕಳೆದುಕೊಂಡಿದ್ದ. ವರ್ಲಿನ್ನೇ ಟೋಪಿಯಲ್ಲಿ ಹೊತ್ತು ತಂದು ಬದುಕಿಸಿ, ಶಾಲಾಮಕ್ಕಳಿಗೆ ತೋರಿಸುತ್ತಿದ್ದ. ಈಗ ಆ ಕೆಲಸ ಆರ್ಲಿಸ್‌ಳದು. ಈಚೆಗೆ ಬಿಷಪ್ಪನೂ ಹುಳು ಮುಟ್ಟುತ್ತಿರಲಿಲ್ಲ.

"ಮಧ್ಯಾಹ್ನ ಪ್ರಾಣಿ ಡಾಕ್ಟ್ರು ಬರ್ತಾರೆ," ಎಂದಳು ಕೇಂದ್ರ ನಡೆಸುವ ಮಾರ್ನಿ. "ಅಷ್ಟರಲ್ಲಿ ಒಂದು ಹುಳಾನಾದ್ರೂ ತಿಂದ್ರೆ ಬಚಾವ್. ಇಲ್ದಿದ್ರೆ ಸೂಜಿ ಕೊಟ್ಟು ಸಾಯಿಸ್ಬಿಡ್ತಾರಂತೆ. ನರಳ್ಸೋದ್ಯಾಕೆ?"

"ಸರಿ," ಎಂದಳು ಆರ್ಲಿಸ್, ಯಾರದೋ ಮನೆ ಸುದ್ದಿ ಕೇಳಿದವಳ ಹಾಗೆ.

ಮಕ್ಕಳು ಬಂದರು. ಒಣಗೈ ತಾಗಿದರೆ ಬಿಷಪ್ಪನ ಚರ್ಮಕ್ಕೆ ಕೆಡುಕು. ಕೈ ಒದ್ದೆ ಮಾಡಿಕೊಂಡು ಎತ್ತಿದಳು.

"ಇವನನ್ಯಾಕೆ ಕಾಡಿಗೆ ಬಿಡಲ್ಲ?" ಎಂದಳೊಬ್ಬ ಹುಡುಗಿ.

"ಒಂದು ಕಣ್ಣಿಲ್ಲ, ಗುರಿ ತಪ್ಪುತ್ತೆ. ನುಂಗೋದೂ ಕಷ್ಟ. ಕಪ್ಪೆ ಕಣ್ಣನ್ನ ಒಳಕ್ಕೆ ಒತ್ತಿ ತುತ್ತು ಕೆಳಗೆ ತಳ್ಳುತ್ತೆ ಕಣಮ್ಮ."

"ಮತ್ತೆ ಇವನು ಹೆಂಗೆ ನುಂಗ್ತಾನೆ?"

"ಮತ್ತೆ ಮತ್ತೆ ಒತ್ತಿ."

ಮಕ್ಕಳು ಹೋದ ಮೇಲೆ ಎರೆಹುಳು ಹಿಡಿದು ಕುಳಿತಳು. ಬಿಷಪ್ ಗಲ್ಲ ಉಬ್ಬಿಸಿಕೊಂಡು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ವರ್ಲಿನ್ ಹೀಗೆ ಮೂಗನ ಹಾಗೆ ಉಣಿಸುತ್ತಿರಲಿಲ್ಲ. ಕಣ್ಣಿರುವ ಕಡೆ ಕೂತು ಬಾಯ್ತುಂಬ ಬೈಯುತ್ತಿದ್ದ. ಅವಳು ಆ ಕಡೆಗೆ ಸರಿದಳು.

"ತಿನ್ನೋ ಸೋಮಾರಿ," ಎಂದಳು. ದನಿ ಗೊರಗೊರ. "ನಿನ್ನ ಕಾಲಿಗೆ ಬೀಳ್ಬೇಕೇನೋ? ತಿನ್ನೋ ನಮ್ಮಪ್ಪ!"

ನಾಲಿಗೆ ಚಿಮ್ಮಿತು. ಹುಳುವಿನ ಅರ್ಧ ಬಾಯೊಳಗೆ, ಅರ್ಧ ಹೊರಗೆ. ಒಂಟಿಕಣ್ಣು ಒಳಕ್ಕೆ ಹೋಗಿ ಬಂತು. ಇಳಿಯಲಿಲ್ಲ. ಮತ್ತೆ ಒತ್ತಿದ. ಮತ್ತೂ ಒಮ್ಮೆ. ಇಳಿಯಿತು.

ಆರ್ಲಿಸ್ ಕೈ ತೊಳೆದು, ಬೆಳಗಿಂದ ಚೀಲದಲ್ಲೇ ಇದ್ದ ಬ್ರೆಡ್ಡು ತೆಗೆದು ಕಚ್ಚಿದಳು. ಗಂಟಲಲ್ಲೇ ನಿಂತಿತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದಳು.

"ತಿಂದ್ನಾ?" ಬಾಗಿಲಲ್ಲಿ ಮಾರ್ನಿ.

"ತಿಂದ," ಎಂದಳು ಆರ್ಲಿಸ್. ಆಮೇಲೆ, ಆಗಷ್ಟೇ ಸುದ್ದಿ ತಿಳಿದವಳಂತೆ, "ವರ್ಲಿನ್ ಸತ್ಹೋದ ಕಣೇ," ಎಂದಳು.

ಮಾರ್ನಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು.