ಮಂಗಳವಾರ ನಾಲ್ಕೂವರೆಯ ಟಿಕೆಟ್ಟು

ಸಿಂಗಪುರದ ಬುಕಿತ್ ಬಾಟೋಕಿನ ನಮ್ಮ ಬ್ಲಾಕಿನಲ್ಲಿ ಲಿಫ್ಟು ಬಂದು ಬಾಗಿಲು ತೆರೆದರೂ ಹತ್ತದೆ, ವಾಚು ನೋಡಿಕೊಂಡು ನಿಂತವರೊಬ್ಬರು ಕಂಡರೆ ಅವರು ನಂಜುಂಡಯ್ಯ ಅಂಕಲ್ ಎಂದೇ ತಿಳಿಯಬೇಕು. ರಾಹುಕಾಲ ಮುಗಿಯಲು ಇನ್ನೆರಡು ನಿಮಿಷ ಇರುತ್ತಿತ್ತು. "ನೀನು ಹೋಗಮ್ಮ ಸುಮಾ, ನಿಂಗೆ ಆಫೀಸು. ರಾಹು ಐಟಿಯವರನ್ನ ಏನೂ ಮಾಡಲ್ಲ" ಎಂದು ನನ್ನನ್ನು ಕಳಿಸುತ್ತಿದ್ದರು.

ಮೈಸೂರಿನವರು. ಮೂವತ್ತು ವರ್ಷ ಇಲ್ಲಿ ಹಡಗು ಕಟ್ಟುವ ಕಂಪನಿಯಲ್ಲಿ ನಕ್ಷೆ ಬರೆದು ನಿವೃತ್ತರಾಗಿದ್ದರು. ಊರಿನ ಪಂಚಾಂಗದ ಹೊತ್ತನ್ನು ಕಣ್ಣುಮುಚ್ಚಿ ಒಪ್ಪುವವರಲ್ಲ. "ರಾಹುಕಾಲ ಸೂರ್ಯೋದಯದಿಂದ ಲೆಕ್ಕ ಕಣಮ್ಮ. ಇಲ್ಲಿ ಸೂರ್ಯ ಏಳಕ್ಕೆ ಡ್ಯೂಟಿಗೆ ಬಂದು ಏಳಕ್ಕೆ ಹೋಗ್ತಾನೆ. ವರ್ಷವೆಲ್ಲಾ ಲೇಟ್ ಇಲ್ಲ, ರಜಾ ಇಲ್ಲ" ಎಂದು ತಾವೇ ಸಿಂಗಪುರದ ಪಟ್ಟಿ ಬರೆದು ನಮ್ಮ ಫ್ರಿಡ್ಜಿಗೂ ಅಂಟಿಸಿದ್ದರು. ನಾನು ನಗುತ್ತಿದ್ದೆ. ಮಗಳ ಪರೀಕ್ಷೆಯ ದಿನ ಕದ್ದು ನೋಡಿದ್ದೂ ಉಂಟು.

ಅವರ ಹೆಂಡತಿ ಲಲಿತಾ ಆಂಟಿಗೆ ರಂಗೋಲಿಯ ಹುಚ್ಚು. ಲೈಬ್ರರಿಯ ಪುಸ್ತಕವೊಂದರಲ್ಲಿ ಸ್ಪೇನಿನ ಗ್ರನಾಡಾ ಊರಿನ ಅಲ್ಹಂಬ್ರಾ ಅರಮನೆಯ ಗೋಡೆಗಳನ್ನು ಕಂಡಮೇಲೆ, ಅಲ್ಲಿಯ ನಕ್ಷತ್ರದ ಹೆಣಿಗೆಗಳನ್ನೇ ಬಾಗಿಲ ಮುಂದೆ ಬಿಡಿಸುತ್ತಿದ್ದರು. "ಸಾಯೋದ್ರೊಳಗೆ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೇ" ಎನ್ನುತ್ತಿದ್ದರು. ಒಂದು ಜೂನಿನಲ್ಲಿ ಅವರಿಬ್ಬರನ್ನೂ ನಾನೇ ಕರೆದುಕೊಂಡು ಹೊರಟೆ. ಟಿಕೆಟ್ ಬುಕ್ ಮಾಡಿದವಳೂ ನಾನೇ.

ಗ್ರನಾಡಾದಲ್ಲಿ ಎರಡು ದಿನ ಅಂಕಲ್ಲೇ ನಮಗಿಂತ ಮುಂದೆ. ಹಳೇ ಕೇರಿಯ ಕಲ್ಲುಹಾಸಿನ ಓಣಿಗಳನ್ನು ಹತ್ತಿಳಿದು, ಸಿಕ್ಕ ಬಾಗಿಲನ್ನೆಲ್ಲ ಗೇಣಿನಲ್ಲಿ ಅಳೆದರು.

ಮೂರನೆಯ ದಿನ ಮಂಗಳವಾರ. ಅರಮನೆಯೊಳಗೆ ಬಿಡುವುದು ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಮಾತ್ರ; ಅರ್ಧ ಗಂಟೆ ದಾಟಿದರೆ ಅದು ಬರೀ ಕಾಗದ. ಬಾಗಿಲ ಹತ್ತಿರ ಕಟ್ಟೆಯ ಮೇಲೆ ಕೂತು ಅಂಕಲ್ ಅದನ್ನು ಓದಿದರು.

"ನಾಲ್ಕೂವರೆ? ಮಂಗಳವಾರ ನಾಲ್ಕರಿಂದ ಐದೂವರೆ ರಾಹುಕಾಲ ಅಲ್ವೇನಮ್ಮ?"

ಬೇರೆ ಹೊತ್ತಿನ ಟಿಕೆಟ್ಟು ಒಂದೂ ಉಳಿದಿರಲಿಲ್ಲ. ಅಂಗಲಾಚಿದೆ, ರೇಗಿದೆ. ಅವರು ಜಗ್ಗಲಿಲ್ಲ. "ಬೇಡ ಲಲಿತಾ" ಎಂದರು.

ಮದುವೆಯಾದ ನಲವತ್ತು ವರ್ಷದಲ್ಲಿ ಆಂಟಿ ಗಂಡನ ರಾಹುಕಾಲವನ್ನು ಮೀರಿದವರಲ್ಲ. ಅವತ್ತು ಕೈಚೀಲವನ್ನು ಅವರ ಮಡಿಲಿಗಿಟ್ಟು, "ನೀವು ಇಲ್ಲೇ ಕೂತಿರಿ, ನಾನು ನೋಡ್ಕೊಂಡ್ ಬರ್ತೀನಿ" ಎಂದು ನಡೆದೇಬಿಟ್ಟರು. ನಾನೂ ಅವರ ಹಿಂದೆ ಹೋದೆ. ಒಳಗೆ ಒಂದೊಂದು ಗೋಡೆಯ ಮುಂದೂ ನಿಂತು, ಗಾಳಿಯಲ್ಲಿ ಬೆರಳಾಡಿಸಿ ಚುಕ್ಕಿ ಎಣಿಸಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆರು ಗಂಟೆಗೆ ಹೊರಬಂದೆವು. ಅಂಕಲ್ ಮಂಕಾಗಿ ಬಿಸಿಲನ್ನೇ ನೋಡುತ್ತಿದ್ದರು. ಆಂಟಿ ನೀರು ಕುಡಿಯಲು ಹೋದಾಗ ನನ್ನನ್ನು ಹತ್ತಿರ ಕರೆದರು.

"ಸುಮಾ, ಇಲ್ಲಿ ಸೂರ್ಯ ಮುಳುಗೋದು ಹತ್ತು ಗಂಟೆ ಹತ್ರ. ಹಗಲು ಇಷ್ಟುದ್ದ ಇದ್ರೆ ರಾಹುಕಾಲಾನೂ ಮುಂದಕ್ಕೆ ಹೋಗುತ್ತೆ. ನಾನು ಸಿಂಗಪುರದ ಲೆಕ್ಕ ಹಿಡ್ಕೊಂಡು ಕೂತುಬಿಟ್ಟೆ. ನೀವು ಒಳಗೆ ಹೋದಾಗ ರಾಹುಕಾಲವೇ ಇರ್ಲಿಲ್ಲ. ಶುರುವಾಗಿರೋದು ಈಗ!"

ನನಗೆ ನಗು, ಸಿಟ್ಟು ಒಟ್ಟಿಗೇ ಬಂದವು. "ಅವಳಿಗೆ ಹೇಳ್ಬೇಡಮ್ಮ, ಕೊರಗ್ತಾಳೆ" ಎಂದರು. ಆಗಲಿ ಎಂದೆ. ಆ ನಿಜವಾದ ರಾಹುಕಾಲದಲ್ಲೇ ನಮ್ಮಿಬ್ಬರನ್ನೂ ಗುಡ್ಡ ಇಳಿಸಿ ಐಸ್‌ಕ್ರೀಮ್ ಕೊಡಿಸಿದರು.

ಎರಡು ವರ್ಷದ ನಂತರ ಅಂಕಲ್ ಹೃದಯಾಘಾತದಿಂದ ಹೋದರು. ಅಷ್ಟು ತಮಾಷೆಯ ಮನುಷ್ಯ ಇಲ್ಲವೆಂದರೆ ನನಗೆ ಈಗಲೂ ಮನಸ್ಸು ಒಪ್ಪುವುದಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಆಂಟಿಯ ಜೊತೆ ಕೂತಿದ್ದೆ.

"ಆವತ್ತು ರಾಹುಕಾಲದಲ್ಲಿ ನಾನು ಒಳಗೆ ಹೋಗ್ಬಾರ್ದಿತ್ತು ಕಣೇ" ಎಂದರು. "ಇವರ ಮಾತು ಮೀರಿದೆ. ಅದಕ್ಕೇ ಹೀಗಾಯ್ತು."

ಅಂಕಲ್‌ಗೆ ಕೊಟ್ಟ ಮಾತನ್ನು ಮುರಿದೆ. ಕಾಗದ ತೆಗೆದು ಗ್ರನಾಡಾದ ಸೂರ್ಯೋದಯ, ಸೂರ್ಯಾಸ್ತ ಬರೆದು, ಹಗಲನ್ನು ಎಂಟು ಪಾಲು ಮಾಡಿ, ಮಂಗಳವಾರದ ರಾಹುಕಾಲವಾದ ಏಳನೆಯ ಪಾಲು ಆರರ ಹೊತ್ತಿಗೆ ಶುರುವಾಗುವುದನ್ನು ತೋರಿಸಿದೆ. ಅಂಕಲ್ ಅವತ್ತು ಕಟ್ಟೆಯ ಮೇಲೆ ಕೂತು ಹೇಳಿದ್ದನ್ನೆಲ್ಲ ಹೇಳಿದೆ.

ಆಂಟಿ ಕಾಗದವನ್ನು ಎರಡು ಸಲ ಓದಿ, ಉದ್ದಕ್ಕೆ ಉಸಿರು ಬಿಟ್ಟರು. ಸಮಾಧಾನವಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಕಾಗದದಿಂದ ತಲೆಯೆತ್ತಿದರು.

"ಹಾಗಾದ್ರೆ ಇವರೂ ನನ್ ಜೊತೆ ಒಳಗೆ ಬರಬಹುದಿತ್ತಲ್ಲೇ?"