ಹಾಬ್ಡೇಯ ಕೆಂಪು ಕಾರು
ಹಳೇ ಸ್ಪೋರ್ಟ್ಸ್ ಕಾರು ಸಾಕಿದವನನ್ನು ಗುರುತಿಸಲು ಕಾರನ್ನೇ ನೋಡಬೇಕಿಲ್ಲ. ಇಂಗ್ಲೆಂಡಿನ ಕವೆಂಟ್ರಿಯ ಡೆನ್ಸಿಲ್ ಹಾಬ್ಡೇ ಕೊಡುವ ಬಿಸ್ಕತ್ತೂ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಚಳಿಗಾಲ ಮುಗಿದದ್ದೇ ತಡ, ಬ್ಯಾಟರಿಯ ವೈರು ಕಳಚಿ, ಮನೆಯೆದುರೇ ಕಾರಿನಡಿ ತೂರಿ ಪೆಟ್ರೋಲ್ ಫಿಲ್ಟರ್ ಬದಲಿಸುತ್ತಾನೆ. ಆ ಹೊತ್ತು ಬೀದಿಯಲ್ಲಿ ಯಾರೂ ಸಿಗರೇಟು ಹಚ್ಚುವಂತಿಲ್ಲ. ಫಿಲ್ಟರಿನ ಮೇಲಿನ ಬಾಣ ಎಂಜಿನ್ ಕಡೆಗಿರಬೇಕೆಂದು ಬೀದಿಗೆಲ್ಲ ಪಾಠ ಹೇಳಿ, ತಾನೇ ತಿರುಗುಮುರುಗಾಗಿ ಕೂರಿಸುತ್ತಾನೆ. "ಲೋ ಡೆನ್ಸಿಲ್, ನಿನ್ನ ಮುದಿ ಮದುಮಗಳು ಈ ವರ್ಷವಾದ್ರೂ ಹೊಸಿಲು ದಾಟ್ತಾಳೇನೋ?" ಎಂದು ಪಕ್ಕದ ಮನೆಯ ಸಿರಿಲ್ ಬೇಲಿಯಾಚೆಯಿಂದ ಕೆಣಕುತ್ತಾನೆ. "ಬಾರೋ ಇಲ್ಲಿ, ಮೊದಲು ನಿನ್ನ ಬಾಯಿಗೊಂದು ಫಿಲ್ಟರ್ ಹಾಕ್ತೀನಿ!" ಈ ಕಾರು ಹುಟ್ಟಿದ, ಹಾಬ್ಡೇ ದುಡಿದ ಇದೇ ಊರಿನ ಕಾರ್ಖಾನೆಯನ್ನು ಲಾಭ ಸಾಲದೆಂದು ಧಣಿಗಳು ಒಂದೇ ಬೆಳಗ್ಗೆ ಮುಚ್ಚಿ, ಜಾಗವನ್ನು ಸೂಪರ್‌ಮಾರ್ಕೆಟ್ಟಿಗೆ ಮಾರಿಕೊಂಡರು. "ನಾವು ಮಾಡಿದ್ದು ಕಸ ಅಂದ್ರಲ್ಲ, ಅವರು ಸಾಯೋ ತನಕ ಇದು ಓಡ್ಬೇಕು" ಎಂಬುದು ಹಾಬ್ಡೇಯ ಹಟ. ಫಿಲ್ಟರನ್ನು ಸರಿಯಾಗಿ ತಿರುಗಿಸಿ ಕೂರಿಸಿ, ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿದ ಮೇಲೆ ಎಂಜಿನ್ ಕೆಮ್ಮಿ, ಕೊನೆಗೂ ಗುಡುಗುತ್ತದೆ. ಆಗ ಸಿರಿಲ್ ಬೇಲಿ ದಾಟಿ ಬರುತ್ತಾನೆ. ಕಾರಿನ ಬಾಗಿಲನ್ನು ಒಮ್ಮೆ ತೆಗೆದು ಮುಚ್ಚಿ, ಅದರ ಸದ್ದಿಗೆ ಕಿವಿಗೊಡುತ್ತಾನೆ. ಆ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದವನು ಅವನೇ. ಅಷ್ಟು ಹೊತ್ತೂ ಹಾಬ್ಡೇ ಅತ್ತ ತಿರುಗಿ, ಆಗಲೇ ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿರುತ್ತಾನೆ.