ಲಾರ್ಡ್ ಸಾಹೇಬನಿಗೆ ಹಾಕಿದ ಹಾರ

ನಮ್ಮ ಮನೆಯವರು ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರಿಗೆ ಒಬ್ಬ ಇಂಗ್ಲಿಷ್ ಲಾರ್ಡ್‌ನ ಹುಚ್ಚು. ನೂರೈವತ್ತು ವರ್ಷದ ಹಿಂದಿನ ಮನುಷ್ಯ. ದೊಡ್ಡ ಮನೆತನದಲ್ಲಿ ಹುಟ್ಟಿ, ರಾಯಭಾರ ಕಚೇರಿಯಲ್ಲಿ ಪತ್ರ ನಕಲು ಮಾಡುತ್ತ ಕೆಲಸ ಕಲಿತು, ರಷ್ಯಾದ ಚಕ್ರವರ್ತಿಯ ಹತ್ತಿರ, ತುರ್ಕಿಯ ಸುಲ್ತಾನನ ಹತ್ತಿರ ರಾಯಭಾರಿಯಾಗಿ, ಕೊನೆಗೆ ತನ್ನ ದೇಶದ ಮಂತ್ರಿಯಾದವನು. ಎರಡು ರಾಜ್ಯಗಳು ಕಾದಾಡಲು ನಿಂತಾಗ ಎರಡೂ ಕಡೆಯವರನ್ನು ದಿನಾ ಊಟಕ್ಕೆ ಕರೆದು ಯುದ್ಧ ತಪ್ಪಿಸಿದನಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವನನ್ನು ನೋಡಿಯೇ ಹುಟ್ಟಿತು ಎನ್ನುವ ಹಾಗೆ ಇವರು ಹೇಳುತ್ತಿದ್ದರು. ನಮ್ಮ ಓಣಿಯಲ್ಲಿ ನಳದ ನೀರಿಗೆ ಜಗಳವಾದಾಗ ಇವರೂ ಎರಡೂ ಮನೆಯವರನ್ನು ಊಟಕ್ಕೆ ಕರೆದರು. ರೊಟ್ಟಿ ಬಡಿದವಳು ನಾನು. ಲಾರ್ಡ್‌ಗಾದರೆ ಅಡಿಗೆಯವರಿದ್ದರು.

ಅವನ ಕಥೆಯನ್ನು ಪೂರ್ತಿಯಾಗಿ ಹೇಳಲು ಇವರಿಗೆ ಒಂದೂ ಸಭೆ ಸಿಕ್ಕಿರಲಿಲ್ಲ. ಇಂಗ್ಲಿಷರ ಮೇಲೆ ಕತ್ತಿ ಹಿರಿದ ಸೀಮೆ ನಮ್ಮದು. ಇಲ್ಲಿ ಅವನನ್ನು ಯಾರು ಕೇಳಬೇಕು? ಅಂಥದರಲ್ಲಿ ಹೋದ ವರ್ಷ ಕಿತ್ತೂರಿನ ಒಂದು ವಾಚನಾಲಯದವರೇ ಕರೆದರು. ಆ ವಾರವೆಲ್ಲ ಇವರು ಕನ್ನಡಿಯ ಮುಂದೆ ನಿಂತು ಮಾತಾಡಿದ್ದೇ ಮಾತಾಡಿದ್ದು. ಆ ಉಮೇದು ನೋಡಿ ನನ್ನ ಕರುಳು ಚುರ್ ಎಂದಿತು. ಈ ಸಭೆ ಕೆಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಕಡೆ ಯಾರ ಬಗ್ಗೆ ಉಪನ್ಯಾಸವೋ ಅವರ ಫೋಟೊಕ್ಕೆ ಮೊದಲು ಪೂಜೆಯಾಗಬೇಕು. ವಾಚನಾಲಯದ ಹುಡುಗಿಯರು ಪಾಪ, ಪದ್ಧತಿ ಬಿಡಬಾರದೆಂದು ಲಾರ್ಡ್‌ನ ಚಿತ್ರಕ್ಕೆ ಕಟ್ಟು ಹಾಕಿಸಿ, ಹಣೆಗೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಹಳದಿ ರುಮಾಲಿನ ಹಿರಿಯರೊಬ್ಬರು ಎದ್ದರು.

"ಕಿತ್ತೂರಾಗ ಇಂಗ್ಲಿಷರಂವಗ ಹಾರ ಹಾಕತೀರೇನ್ರಿ?"

ಅವರ ಹಿಂದೆ ನಾಲ್ಕಾರು ಮಂದಿ ಎದ್ದು ನಿಂತರು. ಇವರು ಹೋಗಿ ಹಾರ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಕರ್ಚೀಪಿನಿಂದ ವಿಭೂತಿಯನ್ನೂ ಒರೆಸಿದರು.

"ಪೂಜಿ ಮಾಡಾಕ ಬಂದಿಲ್ರಿ ಅಜ್ಜಾರ, ಒಬ್ಬ ಮನಷ್ಯಾನ ಕಥಿ ಹೇಳಾಕ ಬಂದೇನಿ."

"ಇಂವ ನಮಗ ಕೇಡು ಮಾಡ್ಯಾನೋ ಇಲ್ಲೋ, ಅಷ್ಟು ಹೇಳ್ರಿ."

ಇಲ್ಲ ಎಂದುಬಿಟ್ಟರೆ ಸಭೆ ಉಳಿಯುತ್ತಿತ್ತು. ಲಾರ್ಡ್ ಈ ಕಡೆ ಕಾಲಿಟ್ಟವನೂ ಅಲ್ಲ. ಇವರು ಕನ್ನಡಕ ತೆಗೆದರು.

"ಮಾಡ್ಯಾನ್ರಿ. ಹಿಂದುಸ್ತಾನ ಆಳೂದು ನಮ್ಮ ಹಕ್ಕು ಅಂತ ಪಾರ್ಲಿಮೆಂಟಿನ್ಯಾಗ ನಿಂತು ಹೇಳ್ಯಾನ. ಬ್ಯಾರೇ ದೇಶದಾಗಿನ ಯುದ್ಧ ತಪ್ಪಿಸಿದಂವಗ ನಮ್ಮ ನೋವು ಕಾಣಲಿಲ್ರಿ. ಅದು ನನಗ ಇವತ್ತಿಗೂ ಕೆಟ್ಟ ಅನಸ್ತದ."

ಕನ್ನಡಿಯ ಮುಂದೆ ಈ ಮಾತು ಒಂದು ದಿನವೂ ಬಂದಿರಲಿಲ್ಲ. ಹಿರಿಯರು ರುಮಾಲು ಸರಿಮಾಡಿಕೊಂಡು ಕುಳಿತರು.

"ಹಂಗಾರ ಹೇಳ್ರಿ. ಕೆಟ್ಟದ್ದು ಮೊದಲ ಹೇಳ್ರಿ, ಚಲೋದ್ದು ಆಮ್ಯಾಲ."

ಎದ್ದವರೂ ಕುಳಿತರು. ಇವರು ಅದೇ ಕ್ರಮದಲ್ಲಿ ಹೇಳಿದರು. ಮೊದಮೊದಲು ಮೇಜು ಹಿಡಿದುಕೊಂಡೇ ನಿಂತಿದ್ದರು; ಸುಲ್ತಾನನ ಅರಮನೆಗೆ ಬರುವಷ್ಟರಲ್ಲಿ ಕೈ ಬೀಸಿ ಮಾತಾಡುತ್ತಿದ್ದರು. ಒಬ್ಬರೂ ಎದ್ದುಹೋಗಲಿಲ್ಲ.

ನಾನು ಹೆಂಗಸರ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಪಕ್ಕದಾಕೆ ಮೆಲ್ಲಗೆ ಕೇಳಿದಳು:

"ಯಾಕ್ರಿ ಅಕ್ಕಾರ, ನಿಮಗೂ ಆ ಲಾರ್ಡ್‌ನ ಮ್ಯಾಲ ಅಷ್ಟು ಪ್ರೀತಿ ಏನ್ರಿ?"

"ಅಂವನ ಮ್ಯಾಲ ಅಲ್ಲ ತಂಗಿ," ಎಂದೆ. "ಅವನ ಕಥಿ ಹೇಳಾಕ ಹತ್ಯಾರಲ್ಲ, ಅವರ ಮ್ಯಾಲ."